ದನದ ಬ್ಯಾನಿ, ಮನಿ ಮಂದಿ ಜ್ವರ

ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ, ಸಂತೋಷ ಆತು. ಈ ಸಲ ಅಡಗಿ ಮನಿ ಬಿಟ್ಟು ಹಿತ್ತಲ ಬಾಗಲ ದಾಟಿ ದನದ ಹಕ್ಕಿಗೆ ಹೋಗೂಣು ಬರ್ರಿ.

ನಮ್ಮ ಕಡೆ ದನ ಅಂದ್ರ ಗಂಡಸರ ಮಾತು ಅಂತ ತಿಳಕೊಂಡಾರ. ಹಬ್ಬದಾಗ ಹೋರಿಗೆ ಕೊಬ್ಬರಿ ಸರ ಕಟ್ಟಿ ಓಡಸೋರು ಅವರ, ಸಂತ್ಯಾಗ ಟವೆಲ್ ಕೆಳಗ ಬೆರಳ ಹಿಡದು ರೇಟ್ ಮಾತಾಡೋರೂ ಅವರ. ಆದ್ರ ನಸಕಿನ್ಯಾಗ ಎದ್ದು ಹೆಂಡಿ ಬಳಿಯೋರು ಯಾರು? ಗಂಜಲದಾಗ ಕಾಲಿಟ್ಟು ಕುಂತು ಹಾಲ ಹಿಂಡೋರು ಯಾರು? ನಡುರಾತ್ರ್ಯಾಗ ಎಮ್ಮಿ ಈಯಾಕ ಹತ್ತಿದ್ರ ಸೀರಿ ನೆರಗಿ ಎತ್ತಿ ಕಟ್ಟಿ, ಕರದ ಮೂಗು ಬಾಯಿ ಒರಸಿ, ಮಾಸ ಬೀಳೋತನಕ ಕಾಯಕೊಂಡು ಕುಂದ್ರೋರು ಯಾರು? ನಾವ. ಹಂಗಂದ್ರ ದನದಿಂದ ಮನುಷ್ಯಾರಿಗೆ ಬರೋ ಬ್ಯಾನಿ ಏನರೆ ಇದ್ರ, ಅದು ಮೊದಲ ಹತ್ತೋದು ನಮ್ಮ ಕೈಗೆ. ಇದನ್ನ ನಾವು ತಿಳಕೋಬೇಕು. ಅದಕ್ಕ ಇವತ್ತಿನ ಬರಹ.

ನಾನು ಹೇಳಾಕ ಹತ್ತಿದ ಬ್ಯಾನಿ ಹೆಸರು ಕಂದು ರೋಗ. ಡಾಕ್ಟ್ರು ಬ್ರುಸೆಲ್ಲೋಸಿಸ್ ಅಂತಾರ. ಗಬ್ಬಾದ ಆಕಳಾಗಲಿ ಎಮ್ಮಿಯಾಗಲಿ ಐದಾರು ತಿಂಗಳ ಕಳದ ಮ್ಯಾಲೆ, ಹೆಚ್ಚಾಗಿ ಏಳು-ಎಂಟು ತಿಂಗಳಿಗೆ, ಕಂದ ಹಾಕತೈತಿ. ಮಾಸ ಲಗೂನ ಬೀಳಂಗಿಲ್ಲ. ಹಾಲು ಇಳೀತೈತಿ. ಮತ್ತ ಗಬ್ಬ ನಿಲ್ಲಾಕ ತಕರಾರು. ಇಷ್ಟು ಬಿಟ್ರ ಉಳದ ದಿನ ಆ ದನ ಮೇವು ತಿಂದು, ಮೆಲಕು ಹಾಕಿ ಆರಾಮ ಇರತೈತಿ. ನೋಡಿದ್ರ ಜಡ್ಡು ಐತಿ ಅಂತ ಯಾರಿಗೂ ಅನಸಂಗಿಲ್ಲ. ಇದರ ಮೋಸ ಇರೋದ ಅಲ್ಲಿ.

ನಮ್ಮೊಳಗ ದನ ಕಂದ ಹಾಕಿದ್ರ ಏನಂತೀವಿ? ಜಾರಿ ಬಿದ್ದಿತ್ತು, ಇನ್ನೊಂದು ದನ ಹಾದಿತ್ತು, ಯಾರದೋ ದೃಷ್ಟಿ ಆತು, ಬಿಸಲಿಗೆ ಉಷ್ಣ ಆತು. ಇವೂ ಇರಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ಒಂದ ಹಕ್ಕ್ಯಾಗ ಎರಡನೇ ದನಾನೂ ಹಂಗ ಮಾಡಿದ್ರ ದೃಷ್ಟಿ ತಗದು ಸುಮ್ಮನ ಕುಂದ್ರಬಾರದು.

ನಮ್ಮ ಮನಿತನದಾಗ ನಡದದ್ದು ಹೇಳ್ತೀನಿ. ನನ್ನ ಸಣ್ಣ ನೆಗೆಣ್ಣಿ ಮನಿ ಹೊಲದಾಗ. ಎರಡು ಎಮ್ಮಿ, ಒಂದು ಆಕಳ, ನಾಕಾರು ಆಡು. ಆ ಮನಿ ಉಪ್ಪು ಎಣ್ಣಿ ಖರ್ಚು, ಹುಡುಗುರ ಫೀಸು ಎಲ್ಲಾ ನಡೀತಿದ್ದದ್ದು ಅಕಿ ಡೇರಿಗೆ ಹಾಕೋ ಹಾಲಿನ ಮ್ಯಾಲೆ. ಒಂದು ಎಮ್ಮಿ ಏಳು ತಿಂಗಳಿಗೆ ಕಂದ ಹಾಕ್ತು. ಮಾಸ ಅರ್ಧಾ ಒಳಗ ಉಳೀತು. ಅಕಿ ಬರಿಗೈಲೆ ಎಳದು ತಗದು, ಎಲ್ಲಾ ಬಳದು, ಹಕ್ಕಿ ತೊಳದು, ಜಳಕ ಮಾಡಿ ರೊಟ್ಟಿ ಬಡ್ಯಾಕ ಕುಂತ್ಲು. ನಮ್ಮ ಕಡೆ ಯಾವ ಹೆಣ್ಣಮಗಳರೆ ಮಾಡೋ ಕೆಲಸಾನ ಅಕಿ ಮಾಡಿದ್ಲು.

ಮೂರು ವಾರ ಕಳದ ಮ್ಯಾಲೆ ಜ್ವರ ಬಂತು. ಮುಂಜಾನೆ ಇಲ್ಲ, ಸಂಜಿ ಆತಂದ್ರ ಚಳಿ ಹತ್ತಿ ಬರೋದು, ರಾತ್ರಿ ಹಾಸಿಗಿ ತೊಯ್ಯುವಂಗ ಬೆವರು. ನಾಕು ದಿನ ಬಿಟ್ಟಂಗ ಮಾಡಿ ಮತ್ತ ಬರೋದು. ಟೊಂಕ ಹಿಡಕೊಂಡು ಏಳಬೇಕು, ಮೊಣಕಾಲ ಸಂದು ನೋವು. ಒಂದು ದವಾಖಾನ್ಯಾಗ ಟೈಫಾಯ್ಡ್ ಅಂದ್ರು, ಸೂಜಿ ಮಾಡಿದ್ರು. ಕಡಿಮಿ ಆತು, ಮತ್ತ ಬಂತು. ಇನ್ನೊಂದರಾಗ ವಾತ ಅಂದ್ರು. ಮತ್ತೊಬ್ಬರು ರಕ್ತ ಕಡಿಮಿ ಐತಿ ಅಂತ ಟಾನಿಕ್ ಬರದು ಕೊಟ್ರು. ಹಿಂಗ ನಾಕು ತಿಂಗಳು. ಹಾಲಿನ ರೊಕ್ಕ ಎಲ್ಲಾ ಗುಳಗಿಗೇ ಹೋತು.

ಅದಕ್ಕಿಂತ ಹೆಚ್ಚಿಗಿ ನೋವು ಮಂದಿ ಮಾತಿಂದ ಆತು. ಮುಂಜಾನೆ ಎದ್ದು ಓಡಾಡ್ತಾಳ, ಸಂಜಿಗೆ ಅಡಗಿ ಹೊತ್ತಿಗೆ ಸರಿಯಾಗಿ ಮಲಗತಾಳ ಅಂತ ಒಬ್ಬರು. ಹೊಲದಾಗ ಏನೋ ಅಂಜಿಕಿ ಆಗೈತಿ, ತಾಯತ ಕಟ್ಟಸ್ರಿ ಅಂತ ಒಬ್ಬರು. ಕಡೀಕ ಅಕಿ ಗಂಗಾಳ ಚರಗಿನೂ ಬ್ಯಾರೆ ಇಟ್ರು. ನಾನು ವಾರಕ್ಕೊಮ್ಮೆ ಹೋಗಿ ಬರತಿದ್ದೆ. ಒಂದಿನ ಅಕಿ, “ಅಕ್ಕಾ, ನನಗ ಜ್ವರದ ಕಾಟಕ್ಕಿಂತ ಸುಳ್ಳ ಹೇಳ್ತಾಳ ಅನ್ನೋದ ಕಾಟ ಆಗೇತಿ” ಅಂದ್ಲು. ಆ ಮಾತು ನನ್ನ ಎದಿಯೊಳಗ ಹಂಗ ಉಳದೈತಿ.

ದಾರಿ ತೋರಿಸಿದವರು ಯಾರು ಗೊತ್ತೇನ್ರಿ? ದನದ ಡಾಕ್ಟ್ರು! ಅವರ ಆಕಳೂ ಕಂದ ಹಾಕ್ತು ಅಂತ ಅವರನ್ನ ಕರಸಿದ್ರು. ಅವರು ಕೈಗೆ ಉದ್ದನ ಗ್ಲೌಸ್ ಹಾಕ್ಕೊಂಡು ಆಕಳ ನೋಡಿ, ಕೈ ತೊಳಕೊಂಡು, ಕಟ್ಟಿ ಮ್ಯಾಲೆ ಕುಂತು ಕೇಳಿದ ಮೊದಲ ಮಾತು: “ಯವ್ವಾ, ಹಿಂದ ಎಮ್ಮಿ ಕಂದ ಹಾಕಿದಾಗ ಮಾಸಕ್ಕ ಕೈ ಹಾಕಿದವರು ಯಾರು? ಮನ್ಯಾಗ ಯಾರಿಗರೆ ಹೋಗಿ ಬರೋ ಜ್ವರ ಐತೇನು?”

ಎಲ್ಲಾರೂ ಒಳಗ ಮಲಗಿದ್ದ ಅಕಿ ಕಡೆ ನೋಡಿದ್ರು.

ಅವರು ದನದ ರಕ್ತ ತಗೊಂಡು ಪರೀಕ್ಷೆಗೆ ಕಳಿಸಿದ್ರು. ಅಕಿಗೂ ಚೀಟಿ ಬರದು ಕೊಟ್ಟು, ದೊಡ್ಡ ದವಾಖಾನಿಗೆ ಹೋಗ್ರಿ, ಈ ಪರೀಕ್ಷೆ ಮಾಡ್ರಿ ಅಂತ ಡಾಕ್ಟ್ರಿಗೆ ತೋರಸ್ರಿ ಅಂದ್ರು. ಬಂದ ರಿಪೋರ್ಟ್ ಎರಡೂ ಒಂದ. ಎಮ್ಮಿಗೂ ಕಂದು ರೋಗ, ಹೆಣ್ಣಮಗಳಿಗೂ ಕಂದು ರೋಗ. ಆಮ್ಯಾಲೆ ಎರಡು ತರದ ಗುಳಗಿ ಕೂಡಿಸಿ ಆರು ವಾರ ಕೊಟ್ರು. ಹತ್ತು ದಿನಕ್ಕ ಜ್ವರ ನಿಂತ್ರೂ ಗುಳಗಿ ನಿಲ್ಲಸಬ್ಯಾಡ್ರಿ, ಅರ್ಧಕ್ಕ ಬಿಟ್ರ ಮತ್ತ ತಿರುಗಿ ಬರತೈತಿ ಅಂತ ಗಟ್ಟಿಯಾಗಿ ಹೇಳಿದ್ರು. ಅಕಿ ಪೂರಾ ನುಂಗಿದ್ಲು. ಈಗ ಆರಾಮ ಅದಾಳ. ಮನುಷ್ಯಾರಿಂದ ಮನುಷ್ಯಾರಿಗೆ ಇದು ಹತ್ತೋದು ಭಾಳ ಅಪರೂಪ ಅಂತ ಡಾಕ್ಟ್ರು ಹೇಳಿದ ದಿನಾನ ಗಂಗಾಳ ಚರಗಿ ಮತ್ತ ಒಳಗ ಬಂದುವು.

ಇದನ್ನೆಲ್ಲಾ ನನಗ ಬಿಡಿಸಿ ಹೇಳಿದಾಕಿ ನಮ್ಮ ಅಣ್ಣನ ಮಗಳು. ಶಿವಮೊಗ್ಗದಾಗ ದನದ ಡಾಕ್ಟ್ರಿಕಿ ಓದಿ, ಸೂಕ್ಷ್ಮಾಣುಗಳ ವಿಷಯಾನ ಮುಂದ ಓದಾಕ ಹತ್ಯಾಳ. ನಾನು ಪಿಯುಸಿ ತನಕ ಓದಿದಾಕಿ, ನನಗ ತಿಳಿಯುವಂಗ ಹೇಳು ಅಂದೆ. ಅವರೇಕಾಯಿ ಸುಲಕೋತ ಕುಂತು ಹೇಳಿದ್ಲು.

“ಅತ್ತಿ, ಈ ಬ್ಯಾಕ್ಟೀರಿಯಾ ಭಾಳ ಶಾಣ್ಯಾ. ನಮ್ಮ ಮೈಯಾಗ ಕ್ರಿಮಿ ತಿನ್ನೋ ಕಣಗಳು ಇರ್ತಾವಲ್ಲ, ಆ ಪೊಲೀಸರ ಮನಿಯೊಳಗ ಹೋಗಿ ಅಡಗಿ ಕುಂದ್ರತೈತಿ. ಅದಕ್ಕ ಜ್ವರ ಬಿಟ್ಟು ಬಿಟ್ಟು ಬರತೈತಿ, ಅದಕ್ಕ ಗುಳಗಿನೂ ಅಷ್ಟು ದಿನ ಬೇಕು. ಟೈಫಾಯ್ಡ್, ಮಲೇರಿಯಾ, ಟಿಬಿ, ವಾತ, ಎಲ್ಲಾದರ ಹಂಗೂ ಕಾಣತೈತಿ. ಬ್ಯಾರೇನ ಪರೀಕ್ಷೆ ಮಾಡದ ಇದು ಅಂತ ಹೇಳಾಕ ಬರಂಗಿಲ್ಲ. ಆ ಪರೀಕ್ಷೆ ಮಾಡಬೇಕು ಅಂತ ಡಾಕ್ಟ್ರಿಗೆ ಹೊಳೀಬೇಕಂದ್ರ ಮನ್ಯಾಗ ದನ ಅದಾವ ಅನ್ನೋ ಮಾತು ಅವರ ಕಿವಿಗೆ ಬೀಳಬೇಕು.”

ಈ ಬ್ಯಾನಿ ಗುಟ್ಟು ಬಿಡಿಸಿದ ಕತಿನೂ ಅಕಿ ಹೇಳಿದ್ಲು. ಇಟಲಿ ದೇಶದ ಕೆಳಗ ಸಮುದ್ರದಾಗ ಮಾಲ್ಟಾ ಅಂತ ಒಂದು ಸಣ್ಣ ನಡುಗಡ್ಡಿ. ಆಗ ಅದು ಬ್ರಿಟಿಷರ ಕೈಯಾಗ ಇತ್ತು. ಅಲ್ಲಿ ಅವರ ಸಿಪಾಯಿಗಳಿಗೆ ತಿಂಗಳಾನುಗಟ್ಟಲೆ ಜ್ವರ ಬರತಿತ್ತು, ಕೆಲವರು ಸಾಯ್ತಿದ್ರು. 1887ರಾಗ ಡೇವಿಡ್ ಬ್ರೂಸ್ ಅನ್ನೋ ಮಿಲಿಟರಿ ಡಾಕ್ಟ್ರು ಸತ್ತವರ ಗುಲ್ಮದಾಗ ಈ ಕ್ರಿಮಿ ಐತಿ ಅಂತ ತೋರಿಸಿದ್ರು. ಅವರ ಹೆಸರಿನಿಂದಾನ ಬ್ರುಸೆಲ್ಲಾ ಅಂತ ಹೆಸರು ಬಂತು. ಆದ್ರ ಎಲ್ಲಿಂದ ಬರತೈತಿ ಅಂತ ಇನ್ನೂ ಹದಿನೆಂಟು ವರ್ಷ ಗೊತ್ತಾಗಲಿಲ್ಲ. ನೀರು ಅಂದ್ರು, ಗಾಳಿ ಅಂದ್ರು. 1905ರಾಗ ಮಾಲ್ಟಾದವರ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ ಅನ್ನೋ ಡಾಕ್ಟ್ರು ಆಡಿನ ರಕ್ತ ಪರೀಕ್ಷೆ ಮಾಡಿದ್ರು. ನೋಡಾಕ ಗಟ್ಟಿಮುಟ್ಟಿದ್ದ ಆಡುಗಳ ಒಳಗ ಕ್ರಿಮಿ! ಆ ಊರಾಗ ಆಡು ಹೊಡಕೊಂಡು ಬಂದು ಮನಿ ಬಾಗಲದಾಗ ಹಿಂಡಿ ಕೊಡತಿದ್ರಂತ. ಬೆಚ್ಚಗಿನ ನೊರಿಹಾಲು. 1906ರಾಗ ಸಿಪಾಯಿಗಳಿಗೆ ಆ ಹಾಲು ಕೊಡೋದು ನಿಲ್ಲಿಸಿದ್ರು. ಜ್ವರ ಸರ್ರನ ಇಳೀತು.

ಇನ್ನೊಂದು ಕತಿ ನಮ್ಮ ಹೆಣ್ಣಮಕ್ಕಳೆಲ್ಲಾ ಕೇಳಬೇಕಾದ್ದು. ಅಮೆರಿಕಾದಾಗ ಆಲಿಸ್ ಇವಾನ್ಸ್ ಅಂತ ಒಬ್ಬಾಕಿ. ಒಕ್ಕಲುತನದ ಮನಿ ಮಗಳು, ನಾಕು ವರ್ಷ ಕನ್ನಡ ಸಾಲಿ ಟೀಚರ್ ಇದ್ದಂಗ ಹಳ್ಳಿ ಸಾಲ್ಯಾಗ ಕಲಿಸಿ, ಆಮ್ಯಾಲೆ ಕಾಲೇಜಿಗೆ ಹೋಗಿ, ಸರ್ಕಾರದ ಡೇರಿ ವಿಭಾಗದಾಗ ಕ್ರಿಮಿಗಳ ಕೆಲಸಕ್ಕ ಸೇರಿದ್ಲು. ಆಕಳಿಗೆ ಕಂದ ಹಾಕಸೋ ಕ್ರಿಮಿನ 1897ರಾಗಾನ ಡೆನ್ಮಾರ್ಕಿನ ಬ್ಯಾಂಗ್ ಅನ್ನೋರು ಕಂಡ ಹಿಡದಿದ್ರು. ಆದ್ರ ಅದು ಬ್ಯಾರೆ, ಮಾಲ್ಟಾ ಜ್ವರದ ಕ್ರಿಮಿ ಬ್ಯಾರೆ ಅಂತ ಎಲ್ಲಾರೂ ತಿಳದಿದ್ರು. ಇವೆರಡೂ ಒಂದ ಬಳಗ, ಆಕಳ ಹಸಿ ಹಾಲಿನಿಂದ ಮನುಷ್ಯಾರಿಗೆ ಜ್ವರ ಬರಬಹುದು, ಹಾಲು ಕಾಸೇ ಮಾರಬೇಕು ಅಂತ ಇಕಿ 1918ರಾಗ ಬರದ್ಲು. ದೊಡ್ಡ ದೊಡ್ಡ ಗಂಡಸರು ನಂಬಲಿಲ್ಲ. ಇದ್ದದ್ದಾದ್ರ ಇಷ್ಟು ದಿನ ನಮಗ ಕಾಣಲಾರದ ಇರತಿತ್ತೇನು ಅಂದ್ರು. ಡಾಕ್ಟರೇಟ್ ಇಲ್ಲದ ಹೆಣ್ಣಮಗಳ ಮಾತು ಅಂತ ಬದೀಗ ಸರಿಸಿದ್ರು. 1922ರಾಗ ಲ್ಯಾಬಿನ್ಯಾಗ ಕೆಲಸ ಮಾಡಕೋತ ಅಕಿಗೇ ಆ ಬ್ಯಾನಿ ಹತ್ತಿತು. ವರ್ಷಾನುಗಟ್ಟಲೆ ನರಳಿದ್ಲು. ಅಕಿಗೂ ಡಾಕ್ಟ್ರು ಏನಂದ್ರು ಗೊತ್ತೇನು? ಇದು ನರದ ದುರ್ಬಲತನ, ಮನಸಿನ ಬ್ಯಾನಿ ಅಂದ್ರು!

ಅದನ್ನ ಕೇಳಿದಾಗ ನನ್ನ ಕಣ್ಣಮುಂದ ನೆಗೆಣ್ಣಿ ಬಂದ್ಲು. ಎಲ್ಲಿಯ ಅಮೆರಿಕಾ, ಎಲ್ಲಿಯ ನಮ್ಮ ಹೊಲದ ಮನಿ. ಹೆಣ್ಣಮಗಳು ನೋವು ಅಂದ್ರ ಸುಳ್ಳು ಅನ್ನೋದು ಎಲ್ಲಾ ಕಡೆ ಒಂದ. ಆದ್ರ ಆಲಿಸ್ ಬಿಡಲಿಲ್ಲ. ಬ್ಯಾರೆ ಬ್ಯಾರೆ ಕಡೆ ಪರೀಕ್ಷೆ ಮಾಡಿದವರಿಗೂ ಅಕಿ ಹೇಳಿದ್ದ ಖರೆ ಅಂತ ಕಂಡಿತು. 1928ರಾಗ ಅಮೆರಿಕಾದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕ ಅಕಿನ್ನ ಅಧ್ಯಕ್ಷಳಾಗಿ ಆರಿಸಿದ್ರು, ಆ ಸಂಘಕ್ಕ ಮೊದಲನೇ ಹೆಣ್ಣ ಅಧ್ಯಕ್ಷೆ ಅಕಿ. ಮುಂದ ಆ ದೇಶದಾಗ ಹಾಲು ಕಾಸಿ ಆರಿಸಿ ಮಾರೋದು ಎಲ್ಲಾ ಕಡೆ ಪದ್ಧತಿ ಆತು. ನಾವು ಇವತ್ತು ಪ್ಯಾಕೆಟ್ ಹಾಲಿನ ಮ್ಯಾಲೆ ಪಾಶ್ಚರೀಕರಿಸಿದ ಅಂತ ಓದತೀವಲ್ಲ, ಅದರ ಹಿಂದ ಇಂಥವರ ಹಟ ಐತಿ.

ಪರದೇಶದ ಮಾತು ಯಾಕ, ನಮ್ಮ ಉತ್ತರ ಕರ್ನಾಟಕದಾಗಾನ ದೊಡ್ಡ ಕೆಲಸ ಆಗೈತಿ. ವಿಜಯಪುರದ ಮೆಡಿಕಲ್ ಕಾಲೇಜಿನ್ಯಾಗ ಡಾ. ಬಸಪ್ಪ ಮಂಟೂರ ಅನ್ನೋರು, ಅವರ ಜೋಡಿದಾರರು ಜ್ವರ ಅಂತ ಬಂದವರ ರಕ್ತಾನ ಈ ರೋಗಕ್ಕಂತ ಪರೀಕ್ಷೆ ಮಾಡಕೋತ ಹೋದ್ರು. ಒಂದಿನ ಎರಡ ದಿನ ಅಲ್ಲ, 16 ವರ್ಷ. ಅದರಾಗ 495 ಮಂದಿ ದೊಡ್ಡವರಿಗೆ ಕಂದು ರೋಗ ಇದ್ದದ್ದು ಗೊತ್ತಾತು ಅಂತ 2006ರಾಗ ಬರದು ಪ್ರಕಟ ಮಾಡ್ಯಾರ. ಅದಕ್ಕಿಂತ ಮೊದಲ 2004ರಾಗ ಹುಡುಗರ ಬಗ್ಗೆನೂ ಬರದಿದ್ರು, 93 ಹುಡುಗರಿಗೆ ಈ ಬ್ಯಾನಿ ಇತ್ತು. ಅದರಾಗ ಬಹಳಷ್ಟು ಕೂಸುಗಳು ಆಡಿನ ಹಸಿ ಹಾಲು ಕುಡದವು. ಪರೀಕ್ಷೆ ಮಾಡದ ಇದ್ದಿದ್ರ ಇವರೆಲ್ಲಾ ಯಾವುದೋ ಜ್ವರ ಅನ್ನೋ ಲೆಕ್ಕದಾಗ ಹೋಗಿಬಿಡತಿದ್ರು. ಹುಡುಕಿದವರಿಗೆ ಸಿಕ್ಕಿತು, ಅಷ್ಟ.

ಆಡು-ಕುರಿಯೊಳಗ ಇರೋ ಜಾತಿ ಮನುಷ್ಯಾರಿಗೆ ಆಕಳದ್ದಕ್ಕಿಂತ ಜೋರಾಗಿ ಕಾಡತೈತಂತ. ಕೂಸಿಗೆ ಆಡಿನ ಹಸಿ ಹಾಲು ಒಳ್ಳೇದು, ಕೆಮ್ಮಿಗೆ ಒಳ್ಳೇದು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಆಡಿನ ಹಾಲು ಕುಡಸ್ರಿ, ಬ್ಯಾಡ ಅನ್ನಂಗಿಲ್ಲ. ಕಾಸಿ ಕುಡಸ್ರಿ. ಒಂದು ಉಕ್ಕು ಬಂತಂದ್ರ ಈ ಕ್ರಿಮಿ ಸತ್ತು ಹೋಗತೈತಿ.

ಹೆಂಗ ಕಂಡ ಹಿಡೀತಾರ ಅಂತ ಕೇಳಿದೆ. ಅಕಿ ಹೇಳಿದ್ದು ಕೇಳಿ ನನಗ ಭಾಳ ಚಲೋ ಅನಿಸ್ತು, ಅಡಗಿ ಮನಿ ಕೆಲಸದ ಹಂಗ ಐತಿ. ರಕ್ತ ಹೆಪ್ಪುಗಟ್ಟಿದ ಮ್ಯಾಲೆ ಮ್ಯಾಲೆ ನಿಲ್ಲೋ ತಿಳಿ ಒಂದು ಹನಿ, ಗುಲಾಬಿ ಬಣ್ಣ ಹಚ್ಚಿದ ಸತ್ತ ಕ್ರಿಮಿಗಳ ದ್ರಾವಣ ಒಂದು ಹನಿ. ಎರಡೂ ಗಾಜಿನ ಮ್ಯಾಲೆ ಕೂಡಿಸಿ ಅಲ್ಲಾಡಸತಾರ. ನಾಕು ನಿಮಿಷದೊಳಗ ಒಡದ ಹಾಲಿನಂಗ ಸಣ್ಣ ಸಣ್ಣ ಗಂಟು ಬಂದ್ರ ರೋಗ ಐತಿ ಅಂತ ಅನುಮಾನ. ನುಣ್ಣಗ ಹಂಗ ಉಳದ್ರ ಇಲ್ಲ. ರೋಸ್ ಬೆಂಗಾಲ್ ಪರೀಕ್ಷೆ ಅಂತಾರ. ಗಂಟು ಬಂದ್ರ ಅದನ್ನ ಗಟ್ಟಿ ಮಾಡಕೊಳ್ಳಾಕ ಮತ್ತ ಬ್ಯಾರೆ ಪರೀಕ್ಷೆ ಮಾಡತಾರ.

ಇನ್ನೊಂದು ಹಾಲಿನ ಪರೀಕ್ಷೆ. ಆಕಳ ಹಸಿ ಹಾಲಿಗೆ ನೀಲಿ ಬಣ್ಣದ ಕ್ರಿಮಿ ದ್ರಾವಣ ಹನಿ ಹಾಕಿ ಒಂದು ತಾಸು ಬೆಚ್ಚಗ ಇಡತಾರ. ರೋಗದ ಗುರುತು ಹಾಲಿನ್ಯಾಗ ಇದ್ರ ನೀಲಿ ಎಲ್ಲಾ ಕೆನಿ ಜೋಡಿ ಮ್ಯಾಲೆ ಏರಿ ಉಂಗರದಂಗ ನಿಲ್ಲತೈತಿ, ಕೆಳಗಿನ ಹಾಲು ಬೆಳ್ಳಗ. ರೋಗ ಇಲ್ಲಂದ್ರ ಕೆನಿ ಬೆಳ್ಳಗ, ಕೆಳಗಿನ ಹಾಲು ನೀಲಿ. ಹತ್ತು ಮನಿ ಹಾಲು ಕೂಡಿಸಿದ ಕ್ಯಾನಿನ ಹಾಲನ್ನೂ ಹಿಂಗ ನೋಡಬಹುದು. ಆ ಕ್ಯಾನಿನ್ಯಾಗ ಉಂಗರ ಕಂಡ್ರ ಆಮ್ಯಾಲೆ ಮನಿ ಮನಿಗೆ ಹೋಗಿ ಯಾರ ದನ ಅಂತ ಹುಡುಕತಾರ. ಕೆನಿ ನೋಡಿ ಹಾಲಿನ ಗುಣ ಹೇಳೋದು ನಮ್ಮ ಅಜ್ಜಿ ಕಾಲದಿಂದ ನಾವು ಮಾಡಿದ್ದ. ವಿಜ್ಞಾನಿಗಳು ಅದಕ್ಕ ಬಣ್ಣ ಹಚ್ಚ್ಯಾರ.

ಬೆಂಗಳೂರಿನ ಯಲಹಂಕದಾಗ ನಿವೇದಿ ಅಂತ ಕೇಂದ್ರ ಸರ್ಕಾರದ ಒಂದು ಸಂಸ್ಥೆ ಐತಿ. ದೇಶದಾಗ ಯಾವ ದನದ ಬ್ಯಾನಿ ಎಲ್ಲಿ ಎಷ್ಟು ಹಬ್ಬೈತಿ ಅಂತ ಲೆಕ್ಕ ಇಡೋದು ಅವರ ಕೆಲಸ. ಕಂದು ರೋಗದ ಮ್ಯಾಲೆ ಅವರು ಭಾಳ ವರ್ಷದಿಂದ ಕೆಲಸ ಮಾಡ್ಯಾರ, ದನದ ಜೋಡಿ ದುಡಿಯೋ ಮನುಷ್ಯಾರ ರಕ್ತಾನೂ ನೋಡ್ಯಾರ. ಹೆಬ್ಬಾಳದಾಗ ರಾಜ್ಯ ಸರ್ಕಾರದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಐತಿ, ಅಲ್ಲಿ ದನ-ಕುರಿಗಳ ಲಸಿಕೆ ತಯಾರ ಆಗತಾವ.

ಲಸಿಕೆ ಮಾತಿಗೆ ಬರೂಣು, ಇದು ಎಲ್ಲಾದಕ್ಕಿಂತ ಮುಖ್ಯ. ಕಂದು ರೋಗಕ್ಕ ಮನುಷ್ಯಾರಿಗೆ ಹಾಕೋ ಲಸಿಕೆ ನಮ್ಮಲ್ಲಿ ಇಲ್ಲ. ದನಕ್ಕ ರೋಗ ಹತ್ತಿದ ಮ್ಯಾಲೆ ಔಷಧ ಕೊಟ್ಟು ಪೂರಾ ತಗಿಯಾಕೂ ಆಗಂಗಿಲ್ಲ. ಹಂಗಾರ ನಮಗ ಕಾವಲು ಏನು? ಹೆಣ್ಣ ಕರಕ್ಕ ಹಾಕೋ ಸೂಜಿ. ಅದಕ್ಕ ಎಸ್-19 ಅಂತಾರ. ಅದು ಸಿಕ್ಕಿದ್ದೂ ಒಂದು ಮಜಾ. 1923ರಾಗ ಅಮೆರಿಕಾದ ಜಾನ್ ಬಕ್ ಅನ್ನೋ ಪಶುವೈದ್ಯರು ಒಂದು ಆಕಳ ಹಾಲಿನಿಂದ ತಗದ ಕ್ರಿಮಿ ಲ್ಯಾಬಿನ್ಯಾಗ ತಂಪಿನ್ಯಾಗ ಇಡದ ಹೊರಗ ಹಂಗ ಉಳೀತು. ವರ್ಷದ ಮ್ಯಾಲೆ ನೋಡಿದ್ರ ಜೀವ ಐತಿ, ಆದ್ರ ರೋಗ ತರೋ ಬಲ ಹೋಗಿಬಿಟ್ಟೈತಿ. ಅದನ್ನ ಕರಕ್ಕ ಹಾಕಿದ್ರ ಕರ ಆರಾಮ ಇದ್ದು ರೋಗ ತಡಿಯೋ ಶಕ್ತಿ ಬಂತು. ಭಾಳ ವರ್ಷದಿಂದ ಜಗತ್ತಿನ ಎಷ್ಟೋ ದೇಶ ಅದನ್ನ ನಂಬ್ಯಾವ.

ನಮ್ಮ ದೇಶದಾಗ 2019ರ ಸೆಪ್ಟೆಂಬರದಾಗ ಕಾಲುಬಾಯಿ ಬ್ಯಾನಿ ಮತ್ತ ಕಂದು ರೋಗ ಎರಡಕ್ಕೂ ರಾಷ್ಟ್ರೀಯ ಕಾರ್ಯಕ್ರಮ ಚಾಲೂ ಮಾಡಿದ್ರು. ಕಂದು ರೋಗದ ಲಸಿಕೆ ನಾಕರಿಂದ ಎಂಟು ತಿಂಗಳೊಳಗಿನ ಹೆಣ್ಣ ಕರಕ್ಕ ಮಾತ್ರ, ಆಕಳದ್ದಿರಲಿ ಎಮ್ಮಿದ್ದಿರಲಿ, ಜೀವನದಾಗ ಒಂದ ಸಲ. ಹೋರಿ ಕರಕ್ಕ ಹಾಕಬಾರದು, ಗಬ್ಬ ಆದ ದನಕ್ಕ ಹಾಕಬಾರದು. ಅದು ಜೀವ ಇರೋ ಲಸಿಕೆ, ಹಾಕೋರ ಕೈಗೆ ಸೂಜಿ ಚುಚ್ಚಿದ್ರ ಅವರಿಗೇ ಜ್ವರ ಬರಬಹುದು. ಅದಕ್ಕ ದನದ ಡಾಕ್ಟ್ರು ಬಂದು ಹಾಕುವಾಗ ಕರಾನ ಗಟ್ಟಿ ಹಿಡಕೊಡ್ರಿ, ಹುಡುಗುರನ್ನ ದೂರ ನಿಲ್ಲಸ್ರಿ. ಕಿವಿಗೆ ಹಳದಿ ಬಿಲ್ಲೆ ಹಾಕತಾರಲ್ಲ, 12 ಅಂಕಿದ್ದು, ಅದಕ್ಕ ಕಿವಿಯೋಲಿ ಅಂತಾರ. ನಮ್ಮ ಓಣ್ಯಾಗ ಒಬ್ಬಾಕಿ, ನನಗ ಬಂಗಾರದ ಓಲಿ ಇಲ್ಲ, ನನ್ನ ಎಮ್ಮಿಗೆ ಸರ್ಕಾರದ ಓಲಿ ಬಂತು ಅಂತ ನಗತಾಳ. ಆ ನಂಬರಿನ ಮ್ಯಾಲೆ ಯಾವ ಲಸಿಕೆ ಯಾವಾಗ ಹಾಕ್ಯಾರ ಅನ್ನೋ ಲೆಕ್ಕ ಇರತೈತಿ. ಕರ ನಾಕು ತಿಂಗಳ ದಾಟಿತಂದ್ರ ನೀವ ನೆನಪು ಮಾಡಿ ದನದ ದವಾಖಾನಿಗೆ ತಿಳಸ್ರಿ. ಎಂಟು ದಾಟಿದ್ರ ಹೊತ್ತು ಮೀರೀತು.

ಇನ್ನ ಮನಿ ಕೆಲಸದ ಮಾತು. ದನ ಕಂದ ಹಾಕಿದ್ರ ಬರಿಗೈಲೆ ಮುಟ್ಟಬ್ಯಾಡ್ರಿ. ಗ್ಲೌಸ್ ಇಲ್ಲಂದ್ರ ದಪ್ಪನ ಪ್ಲಾಸ್ಟಿಕ್ ಚೀಲ ಮೊಣಕೈ ತನಕ ಕಟಗೋರಿ, ಬಾಯಿ ಮೂಗಿಗೆ ಸೆರಗು ಬಿಗೀರಿ. ಕೈಯಾಗ ಗಾಯ ಇದ್ದಾಕಿ, ಬಸರಿ ಹೆಣ್ಣಮಗಳು ಆ ಕೆಲಸಕ್ಕ ಹೋಗೋದ ಬ್ಯಾಡ. ಒಳಗ ಉಳದ ಮಾಸಕ್ಕ ಕೈ ಹಾಕದ ದನದ ಡಾಕ್ಟ್ರನ್ನ ಕರಸ್ರಿ, 1962 ನಂಬರಿಗೆ ಫೋನ್ ಮಾಡಿದ್ರೂ ಗಾಡಿ ಬರತೈತಿ. ಬಿದ್ದ ಮಾಸ, ಸತ್ತ ಕರ, ಅದರಾಗ ತೊಯ್ದ ಹುಲ್ಲು ಎಲ್ಲಾ ಆಳ ಕುಣಿ ತೋಡಿ ಸುಣ್ಣ ಹಾಕಿ ಮುಚ್ಚರಿ. ಕೋಟ್ಯಾನುಗಟ್ಟಲೆ ಕ್ರಿಮಿ ಇರೋದು ಅದರಾಗ. ನಾಯಿ ಎಳಕೊಂಡು ಹೋತಂದ್ರ ಮಂದಿ ಹೊಲಕ್ಕ, ಮಂದಿ ದನಕ್ಕ ದಾನ ಮಾಡಿದಂಗ.

ನಮ್ಮಲ್ಲಿ ಮಾಸಾನ ಹುಲ್ಲಿನ್ಯಾಗ ಸುತ್ತಿ ಆಲದ ಗಿಡಕ್ಕ ಕಟ್ಟೋ ಪದ್ಧತಿ ಐತಿ. ಹಾಲು ಸೋರೋ ಗಿಡಕ್ಕ ಕಟ್ಟಿದ್ರ ದನ ಹಾಲು ಹೆಚ್ಚಿಗಿ ಕೊಡತೈತಿ ಅಂತ ನಂಬಿಕಿ. ನಾಯಿ-ನರಿ ಬಾಯಿಗೆ ಸಿಗಬಾರದು ಅನ್ನೋ ಎಚ್ಚರಾನೂ ಅದರಾಗ ಇತ್ತು ಅಂತ ನನಗ ಅನಸತೈತಿ. ಆ ಎಚ್ಚರ ಇಟಗೋರಿ, ಗಿಡದ ಬದಲಿಗೆ ಮಣ್ಣಿಗೆ ಕೊಡ್ರಿ. ತಿಂಗಳ ತುಂಬದ ಹಾಕಿದ್ದಂತೂ ಗಿಡಕ್ಕ ಕಟ್ಟಲೇಬಾರದು. ಗಿಣ್ಣದ ಹಾಲನ್ನ ಹಸೀದ ನಾಲಿಗಿಗೆ ಹಚ್ಚಿ ರುಚಿ ನೋಡಬ್ಯಾಡ್ರಿ, ಚಲೋತ್ನಂಗ ಬೇಯಿಸಿ ತಿನ್ರಿ.

ಒಂದು ಕಷ್ಟದ ಮಾತೂ ಹೇಳಬೇಕು. ಎಮ್ಮಿ ರಿಪೋರ್ಟ್ ಬಂದಾಗ ಮನ್ಯಾಗ ಜಗಳ ಆತು. ಸುಮ್ಮನ ಸಂತಿಗೆ ಹೊಡಕೊಂಡು ಹೋಗಿ ಮಾರಿಬಿಡೂಣು, ಯಾರಿಗೆ ಗೊತ್ತಾಗತೈತಿ ಅಂದ್ರು ಗಂಡಸರು. ಅವರದೂ ತಪ್ಪಂತ ಹೆಂಗ ಅನ್ನೋದ್ರಿ, ಅರವತ್ತು ಎಪ್ಪತ್ತು ಸಾವಿರದ ದನ, ಸಾಲ ಇನ್ನೂ ತೀರಿಲ್ಲ. ಆಗ ನೆಗೆಣ್ಣಿ ಎದ್ದು ಬಂದು, “ನಾಕು ತಿಂಗಳ ನಾ ಪಟ್ಟಿದ್ದನ್ನ ಹಗ್ಗಾ ಸಮೇತ ಇನ್ನೊಬ್ಬಾಕಿ ಮನಿಗೆ ಕಳಸ್ತೀರೇನು?” ಅಂದ್ಲು. ಯಾರೂ ಮಾತಾಡಲಿಲ್ಲ. ಆ ಎಮ್ಮಿ ಮಾರಲಿಲ್ಲ. ಹಕ್ಕಿಯಿಂದ ದೂರ ಬ್ಯಾರೆ ಛಪ್ಪರ ಹಾಕಿ ಕಟ್ಟ್ಯಾರ, ನೀರಿನ ಬಾನಿನೂ ಬ್ಯಾರೆ. ಹೋರಿ ಬಿಡಸಂಗಿಲ್ಲ. ಹಾಲು ಉಕ್ಕಿಸಿ ಮನಿ ಮಟ್ಟಿಗೆ ಬಳಸತಾರ, ಡೇರಿಗೆ ಹಾಕಂಗಿಲ್ಲ. ಆ ಲುಕ್ಸಾನು ಇನ್ನೂ ತುಂಬಿಲ್ಲ. ಇಂಥಾ ದನಕ್ಕ ಸರಿಯಾದ ಪರಿಹಾರ ಸಿಕ್ರ ಮುಚ್ಚಿಟ್ಟು ಮಾರೋರು ಕಡಿಮಿ ಆದಾರು ಅನ್ನೋದು ನನ್ನ ಮಾತು.

ಇದು ಬರೇ ಒಂದು ರೋಗದ ಸುದ್ದಿ ಅಲ್ಲ. ನಮ್ಮ ಹಾನಗಲ್ಲ ತಾಲೂಕು ದಾಟಿದ್ರ ಸೊರಬ. ಆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ್ಯಾಗ 1957ರಾಗ ಮಂಗ್ಯಾಗಳು ಸತ್ತು ಬೀಳಾಕ ಹತ್ತಿದ್ವು, ಹಿಂದಿಂದ ಕಾಡಿಗೆ ಕಟಗಿಗೆ ಹೋದ ಮಂದಿಗೆ ಜ್ವರ ಬಂದು ಸತ್ರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗ್ಯಾನೂ ಜಡ್ಡಿನ ಮನುಷ್ಯಾರನ್ನೂ ಕೂಡೇ ಪರೀಕ್ಷೆ ಮಾಡಿದ್ದಕ್ಕ ಹೊಸಾ ವೈರಸ್ ಸಿಕ್ಕಿತು, ಅದನ್ನ ಹರಡೋದು ಉಣ್ಣಿ ಅಂತ ಗೊತ್ತಾತು. ಮಂಗನ ಕಾಯಿಲೆ ಅಂತ ನಾವು ಅನ್ನೋ ಅದಕ್ಕ ಜಗತ್ತಿನ ಪುಸ್ತಕದಾಗ ನಮ್ಮ ಮಗ್ಗಲ ಹಳ್ಳಿ ಹೆಸರ ಐತಿ. ಅದಕ್ಕ ಮನುಷ್ಯಾರಿಗೆ ಹಾಕೋ ಲಸಿಕೆ ಭಾಳ ವರ್ಷ ತಯಾರ ಆಗಿದ್ದು ಎಲ್ಲಿ ಅಂತೀರಿ? ದನದ ಲಸಿಕೆ ಮಾಡೋ ಆ ಹೆಬ್ಬಾಳದ ಸಂಸ್ಥೆಯೊಳಗ. ಮುಂದ ಅದರ ಬಲ ಸಾಲಂಗಿಲ್ಲ ಅಂತ ನಿಲ್ಲಿಸಿ, ಈಗ ಹೊಸದಕ್ಕ ಕೆಲಸ ನಡಸ್ಯಾರ. ಪ್ರಾಣಿ ಬ್ಯಾನಿ ಕಲಿಯೋರು, ಮನುಷ್ಯಾರ ಬ್ಯಾನಿ ನೋಡೋರು ಒಂದ ಕಟ್ಟಿ ಮ್ಯಾಲೆ ಕುಂತು ಮಾತಾಡಿದ್ರ ಎಷ್ಟು ಜೀವ ಉಳೀತಾವ ನೋಡ್ರಿ.

ಅವರು ಕುಂದ್ರೋತನಕ ಆ ಮಾತನ್ನ ಇಲ್ಲಿಂದ ಅಲ್ಲಿಗೆ ಮುಟ್ಟಸೋ ಕೆಲಸ ನಮ್ಮದು. ವಾರ ಎರಡು ವಾರ ಬಿಡಲಾರದ ಜ್ವರ, ಬೆವರು, ಸಂದು ನೋವು ಇದ್ರ ದವಾಖಾನ್ಯಾಗ ಕುಂತಾಗ, “ಸರ, ನಮ್ಮ ಮನ್ಯಾಗ ದನ ಅದಾವ, ಇಂಥಾ ತಿಂಗಳದಾಗ ಒಂದು ಕಂದ ಹಾಕೇತಿ, ನಾನ ಕೈಲೆ ತಗದೀನಿ” ಅಂತ ಹೇಳ್ರಿ. ನಾಚಬ್ಯಾಡ್ರಿ, ಹಳ್ಳಿ ಮಂದಿ ಅಂತಾರ ಅಂತ ಅಳಕಬ್ಯಾಡ್ರಿ. ದನದ ಡಾಕ್ಟ್ರು ಬಂದಾಗ ಮನ್ಯಾಗ ಯಾರಿಗೆ ಜ್ವರ ಐತಿ ಅಂತನೂ ಹೇಳ್ರಿ. ಗಂಡಸರಿಗೂ ಇದು ಬರತೈತಿ, ಅವರಿಗೆ ಬೀಜದ ಬಾವು ಬರೋದೂ ಉಂಟು, ನಾಚಕೊಂಡು ಮುಚ್ಚಿಟ್ಟಿರತಾರ, ಕೇಳ್ರಿ.

ನಮ್ಮ ನೆಗೆಣ್ಣಿ ಹೊಸಾ ಕರಕ್ಕ ಈಗ ಐದು ತಿಂಗಳು. ಹೋದ ವಾರ ಸೂಜಿ ಆತು, ಕಿವಿಯೋಲಿನೂ ಬಿತ್ತು. ನಿಮ್ಮ ಹಕ್ಕ್ಯಾಗ ಅಷ್ಟು ವಯಸಿನ ಹೆಣ್ಣ ಕರ ಇದ್ರ ನಾಳೆ ಹಾಲು ಹಾಕಾಕ ಹೋದಾಗ ಡೇರ್ಯಾಗ ವಿಚಾರಸ್ರಿ. ಮುಂದಿನ ಸಲ ಹಬ್ಬದ ಕರ್ಚಿಕಾಯಿ ಮಾತಾಡೂಣು.